ಪರೀಕ್ಷೆಗೆ ಯಾವ ಓದು: ಹಳದಿ ಗೆರೆಯೋ, ಬಿಳಿ ಹಾಳೆಯೋ?

ನನ್ನ ಚಿಕ್ಕಮ್ಮನ ಮಗಳು ಕೊಡಗಿನ ವಿರಾಜಪೇಟೆಯಲ್ಲಿ ಬಿ.ಕಾಂ ಓದುತ್ತಿದ್ದಾಳೆ. ಹೋದ ಮಳೆಗಾಲದಲ್ಲಿ ನಾಪೋಕ್ಲು ಕಡೆಯ ನಮ್ಮ ಮನೆಗೆ ಬಂದವಳು ಜಗಲಿಯಲ್ಲಿ ಕೂತು ಕಾಸ್ಟ್ ಅಕೌಂಟಿಂಗ್ ನೋಟ್ಸ್ ಓದುತ್ತಿದ್ದಳು. ಹೊರಗೆ ಮಳೆ, ಕರೆಂಟ್ ಇಲ್ಲ, ಮೊಬೈಲ್‌ಗೆ ಸಿಗ್ನಲ್ ಇಲ್ಲ. ಅಂದರೆ ಓದುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ನೋಟ್ಸ್ ಇಣುಕಿ ನೋಡಿದೆ, ಪುಟ ಪೂರ್ತಿ ಹಳದಿ. ಪುಸ್ತಕ ಮುಚ್ಚಿಸಿ, ಬ್ರೇಕ್ ಈವನ್ ಪಾಯಿಂಟ್ ಅಂದರೆ ಏನು ಅಂತ ಕೇಳಿದೆ, ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನುವಷ್ಟು ಮಾರಾಟಕ್ಕೆ ಹಾಗನ್ನುತ್ತಾರೆ. ಸ್ವಲ್ಪ ಹೊತ್ತು ಮಾಡಿನಿಂದ ಬೀಳುವ ನೀರನ್ನೇ ನೋಡಿದಳು. ಆಮೇಲೆ, "ಅಣ್ಣಾ, ಅದು ಎಡಗಡೆ ಪುಟದಲ್ಲಿ ಕೆಳಗೆ ಇದೆ, ಹಳದಿ ಬಣ್ಣ ಹಾಕಿದ್ದೇನೆ" ಅಂದಳು.

ಎಲ್ಲಿದೆ ಅಂತ ಗೊತ್ತು. ಏನಿದೆ ಅಂತ ಗೊತ್ತಿಲ್ಲ. ನಗು ಬಂತು, ಆದರೆ ನಗುವ ಯೋಗ್ಯತೆ ನನಗಿರಲಿಲ್ಲ. ಇದೇ ವಿಷಯದಲ್ಲಿ ಒಂದು ಬ್ಯಾಕ್‌ಲಾಗ್ ಇಟ್ಟುಕೊಂಡು ಮನೆಯಲ್ಲಿ ತಿಂಗಳುಗಟ್ಟಲೆ ಬೈಸಿಕೊಂಡವನು ನಾನು. ಆಗ ಓದಿರಲಿಲ್ಲ ಅಂತೇನಿಲ್ಲ, ಪೂರ್ತಿ ಸಿಲೆಬಸ್ ಮೂರು ಸಲ ಓದಿದ್ದೆ. ಓದಿದ ರೀತಿ ಕೆಟ್ಟಿತ್ತು.

ಹಾಗಾಗಿ ಈ ಹೋಲಿಕೆ. ಡಿಗ್ರಿ ಓದುವವರು ಹಿಡಿಯುವ ದಾರಿಗಳನ್ನು ಪಕ್ಕಪಕ್ಕ ಇಟ್ಟು, ಯಾವುದು ಯಾವಾಗ ಕೆಲಸಕ್ಕೆ ಬರುತ್ತದೆ, ಯಾವುದು ಸುಮ್ನೆ ಮನಸ್ಸಿನ ಸಮಾಧಾನಕ್ಕೆ ಅಂತ ನೋಡೋಣ. ನಾನು ಮೇಷ್ಟ್ರಲ್ಲ. ಒಂದು ಸಲ ಬಿದ್ದು ಎದ್ದವನು, ಆಮೇಲೆ ಮನೆಯ ಮಕ್ಕಳನ್ನೂ ಅವರ ಸ್ನೇಹಿತರನ್ನೂ ಕೂರಿಸಿಕೊಂಡು ಹೇಳಿಕೊಟ್ಟವನು, ಅಷ್ಟೆ.

ಮತ್ತೆ ಮತ್ತೆ ಓದುವುದೋ, ಮುಚ್ಚಿಟ್ಟು ಬರೆಯುವುದೋ

ಮುಖ್ಯವಾದ ಆಯ್ಕೆ ಇದೇ. ಇದೊಂದು ಸರಿಹೋದರೆ ಉಳಿದದ್ದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ.

ನೋಟ್ಸನ್ನು ಎರಡನೇ ಸಲ ಓದುವಾಗ ಎಲ್ಲ ಗೊತ್ತಿರುವ ಹಾಗೆ ಅನ್ನಿಸುತ್ತದೆ. ಮೂರನೇ ಸಲಕ್ಕೆ ಇನ್ನೂ ಸಲೀಸು. ಕಣ್ಣು ಜಾರಿಕೊಂಡು ಹೋಗುತ್ತದೆ, ತಲೆ ಹೂಂ ಹೂಂ ಅನ್ನುತ್ತದೆ. ಮೋಸ ಇರುವುದು ಆ ಹೂಂ ಅನ್ನುವುದರಲ್ಲೇ. ಗೋಣಿಕೊಪ್ಪ ಸಂತೆಯಲ್ಲಿ ಪರಿಚಯದ ಮುಖ ಎದುರಾದರೆ ನಕ್ಕು ಮಾತಾಡಿಸುತ್ತೇವೆ, ಮನೆಗೆ ಬಂದ ಮೇಲೆ "ಯಾರು ಸಿಕ್ಕಿದ್ದು?" ಅಂತ ಅಮ್ಮ ಕೇಳಿದರೆ ಹೆಸರು ಬಾಯಿಗೆ ಬರುವುದಿಲ್ಲ, ಅಲ್ವಾ? ಪರೀಕ್ಷೆಯಲ್ಲಿ ಕೇಳುವುದು ಹೆಸರನ್ನು.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯವನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದೇ ಸುತ್ತು ಓದಿ, ಉಳಿದ ಮೂರು ಸುತ್ತಿನಲ್ಲಿ ಗದ್ಯ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ನಾಲ್ಕು ಸುತ್ತು ಓದಿದವರೇ ಮುಂದು, ಅವರದು 83%, ಬರೆದವರದು 71%. ಒಂದು ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ಉಲ್ಟಾ ಹೊಡೆಯಿತು. ಓದಿದವರಿಗೆ 40% ಉಳಿದಿತ್ತು, ಬರೆದವರಿಗೆ 61%. ಇನ್ನೊಂದು ತಮಾಷೆ ಅಂದರೆ, ಮುಂದಿನ ವಾರ ನಿಮಗೆ ಎಷ್ಟು ನೆನಪಿರಬಹುದು ಅಂತ ಮೊದಲೇ ಕೇಳಿದ್ದಾಗ ಜಾಸ್ತಿ ಧೈರ್ಯದಿಂದ ಇದ್ದವರು ನಾಲ್ಕು ಸುತ್ತು ಓದಿದವರೇ.

ಪರೀಕ್ಷೆ ಐದು ನಿಮಿಷ ಬಿಟ್ಟು ಇದ್ದರೆ ಓದಿ. ಅದಕ್ಕಿಂತ ದೂರ ಇದ್ದರೆ ಮುಚ್ಚಿಟ್ಟು ಬರೆಯಿರಿ.

ಮಾಡುವುದು ಹೀಗೆ. ಒಂದು ಟಾಪಿಕ್ ತೆಗೆದುಕೊಂಡು ಅರ್ಥವಾಗುವ ತನಕ ನಿಧಾನ ಓದಿ, ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ. ಪುಸ್ತಕ ಮುಚ್ಚಿ. ಬರೀ ಬಿಳಿ ಹಾಳೆ ತೆಗೆದುಕೊಂಡು ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ, ಅಕ್ಷರ ಚಂದ ಇರಬೇಕಾಗಿಲ್ಲ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ನಾಳೆ ಮತ್ತೆ ಓದಬೇಕಾದ್ದು ಆ ಕೆಂಪು ಭಾಗ ಮಾತ್ರ.

ತಂಗಿಗೆ ಅವತ್ತು ಇದನ್ನೇ ಮಾಡಿಸಿದೆ. ಮೊದಲ ಹಾಳೆಯಲ್ಲಿ ನಾಲ್ಕು ಸಾಲು ಬಂತು, ಉಳಿದದ್ದೆಲ್ಲ ಕೆಂಪು. ಮುಖ ಸಣ್ಣದಾಯಿತು. ಆಮೇಲೆ ಪುಸ್ತಕದ ಲೆಕ್ಕ ಬಿಟ್ಟು ನಮ್ಮದೇ ಲೆಕ್ಕ ಮಾಡಿದೆವು. ಮನೆಯಲ್ಲಿ ಕಾಫಿ ಪುಡಿ ಮಾಡಿ ಮಾರುತ್ತೇವೆ ಅಂತ ಇಟ್ಟುಕೋ. ಮಿಷನ್ನು, ಬಾಡಿಗೆ ಎಲ್ಲ ಸೇರಿ ಸ್ಥಿರ ವೆಚ್ಚ 60,000 ರೂಪಾಯಿ. ಒಂದು ಪ್ಯಾಕೆಟ್ ಮಾರುವುದು 400ಕ್ಕೆ, ಬೀಜ, ಚಿಕೋರಿ, ಕವರ್ ಅಂತ ಪ್ಯಾಕೆಟ್‌ಗೆ ಬೀಳುವ ಖರ್ಚು 250. ಒಂದು ಪ್ಯಾಕೆಟ್‌ನಿಂದ 150 ಕೈಗೆ ಉಳಿಯುತ್ತದೆ, ಅದೇ ಕಾಂಟ್ರಿಬ್ಯೂಷನ್. 60,000 ಹುಟ್ಟಬೇಕಾದರೆ ಎಷ್ಟು ಪ್ಯಾಕೆಟ್ ಹೋಗಬೇಕು? "ನಾನೂರು" ಅಂದಳು, ಸೂತ್ರ ನೋಡದೆ. ಹಾಗಾದರೆ ಸೂತ್ರ ಬರಿ ಅಂದೆ, ಬರೆದಳು. ಮೂರು ಸಲ ಹಳದಿ ಹಾಕಿದರೂ ತಲೆಗೆ ಹೋಗದ ಸಾಲು ಅದು.

ಹೈಲೈಟರ್ ಬಗ್ಗೆ ಒಂದು ಮಾತು. ಓದುವ ಹತ್ತು ವಿಧಾನಗಳನ್ನು ಹೋಲಿಸಿ ಡನ್ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ಒಂದು ದೊಡ್ಡ ವಿಮರ್ಶೆ ಬರೆದರು. ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು, ಅಂತರ ಬಿಟ್ಟು ಓದುವುದು, ಈ ಎರಡಕ್ಕೆ ಮೇಲಿನ ದರ್ಜೆ ಸಿಕ್ಕಿತು. ಗೆರೆ ಎಳೆಯುವುದು ಮತ್ತು ಮತ್ತೆ ಮತ್ತೆ ಓದುವುದಕ್ಕೆ ಕೆಳಗಿನ ದರ್ಜೆ. ಹಾಗಂತ ಹೈಲೈಟರ್ ಎಸೆಯಬೇಡಿ, ಪುಟಕ್ಕೆ ಒಂದೆರಡು ಗೆರೆ ಇದ್ದರೆ ಹುಡುಕುವುದಕ್ಕೆ ಸುಲಭ. ಹುಡುಕುವುದಕ್ಕೆ ಮಾತ್ರ.

ಮುಚ್ಚಿ ಬರೆಯುವುದರಲ್ಲಿ ಒಂದು ಕಷ್ಟ ಇದೆ. ಅರ್ಥವೇ ಆಗದ್ದನ್ನು ಹೀಗೆ ಮಾಡಿದರೆ ಅದು ಉರು ಹೊಡೆದ ಹಾಗೆಯೇ ಆಗುತ್ತದೆ. ಪ್ರಬಂಧದ ಥರ ಉತ್ತರ ಬರೆಯುವ ವಿಷಯಗಳಲ್ಲಿ, ಇತಿಹಾಸ, ರಾಜ್ಯಶಾಸ್ತ್ರ ಇಂಥವುಗಳಲ್ಲಿ, ಪ್ರತಿ ಸಾಲಿಗೂ "ಯಾಕೆ?" ಅಂತ ಕೇಳುತ್ತಾ ಹೋಗುವುದು ಒಳ್ಳೆಯದು. ನಮ್ಮ ಜಿಲ್ಲೆಯದ್ದೇ ತೆಗೆದುಕೊಳ್ಳಿ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ವಶಮಾಡಿಕೊಂಡರು, 1837ರಲ್ಲಿ ಅವರ ವಿರುದ್ಧ ಅಮರಸುಳ್ಯದ ದಂಗೆ. ಎರಡು ಇಸವಿ ಬಾಯಿಪಾಠ ಮಾಡಿದರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ಮಧ್ಯೆ ಏನಾಯಿತು ಅಂತ ಕೇಳಿಕೊಳ್ಳಿ. ಕೊಡಗಿಗೆ ಸೇರಿದ್ದ ಸುಳ್ಯ, ಪುತ್ತೂರು ಕಡೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು, ಅಲ್ಲಿಯ ತನಕ ಬೆಳೆಯ ರೂಪದಲ್ಲಿ ಕಟ್ಟುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು, ರೈತರ ಕೈಯಲ್ಲಿ ನಗದು ಎಲ್ಲಿತ್ತು? ಈಗ ಎರಡು ಇಸವಿಗೂ ಕೊಂಡಿ ಬಿತ್ತು. ಹತ್ತು ಮಾರ್ಕಿನ ಉತ್ತರದ ಹೊಟ್ಟೆಯೂ ತುಂಬಿತು.

ಒಂದೇ ಏಟಿಗೋ, ಬಿಡಿಬಿಡಿಯಾಗಿಯೋ

ಒಂದು ವಿಷಯಕ್ಕೆ ಒಟ್ಟು ಹತ್ತು ಗಂಟೆ ಕೊಡುತ್ತೀರಿ ಅಂದುಕೊಳ್ಳಿ. ಅದನ್ನು ಒಂದೇ ದಿನ ಕೊಡುವುದಕ್ಕೂ ಐದು ದಿನ ಎರಡೆರಡು ಗಂಟೆ ಕೊಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಓದಿದ್ದು ಮೊದಮೊದಲು ಬೇಗ ಮರೆಯುತ್ತದೆ, ಆಮೇಲೆ ನಿಧಾನವಾಗಿ ಮರೆಯುತ್ತದೆ ಅನ್ನುವುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟ. ಮರೆಯುವುದಕ್ಕೆ ಶುರುವಾದ ಹೊತ್ತಿಗೆ ಹೋಗಿ ಮತ್ತೆ ನೆನಪು ಮಾಡಿಕೊಂಡರೆ ಅದು ಗಟ್ಟಿಯಾಗುತ್ತದೆ. ಕಣದಲ್ಲಿ ಹರಡಿದ ಕಾಫಿಯನ್ನು ದಿನಾ ಕೈಯಾಡಿಸಿ ಕೆದಕುತ್ತೇವಲ್ಲ, ಹಾಗೆ. ಒಂದೇ ದಿನ ಇಡೀ ಹೊತ್ತು ಕೆದಕಿದರೆ ಒಣಗುತ್ತದೆಯೇ?

ಅಂತರ ಎಷ್ಟು ಬಿಡಬೇಕು ಅನ್ನುವುದಕ್ಕೂ ಅಂದಾಜು ಲೆಕ್ಕ ಇದೆ. ಸೆಪೇಡಾ ಮತ್ತು ಸಂಗಡಿಗರು 2008ರಲ್ಲಿ ನೋಡಿದಾಗ, ವಾರ ಬಿಟ್ಟು ಪರೀಕ್ಷೆ ಇದ್ದರೆ ಎರಡು ಓದಿನ ನಡುವೆ ಒಂದು ದಿನದ ಅಂತರ ಚೆನ್ನಾಗಿ ಕೆಲಸ ಮಾಡಿತು, 35 ದಿನ ಬಿಟ್ಟು ಇದ್ದರೆ ಸುಮಾರು 11 ದಿನದ ಅಂತರ. ಇದನ್ನು ಕ್ಯಾಲೆಂಡರ್ ಹಿಡಿದು ಅಳೆಯುವ ಅಗತ್ಯ ಇಲ್ಲ. ಪರೀಕ್ಷೆ ದೂರ ಇದ್ದರೆ ವಾರಕ್ಕೊಮ್ಮೆ, ಹತ್ತಿರ ಬಂದರೆ ದಿನಕ್ಕೊಮ್ಮೆ ಅಂತ ಇಟ್ಟುಕೊಂಡರೆ ಸಾಕು.

ನಮ್ಮಲ್ಲಿ ತೊಂದರೆ ಬೇರೆ. ಒಂದು ಸೆಮಿಸ್ಟರ್ ಮಳೆಯಲ್ಲಿ ಶುರುವಾಗುತ್ತದೆ, ರಜೆ ಕೊಟ್ಟು ಕೊಟ್ಟು ಅರ್ಧ ಪಾಠ ಬಾಕಿ ಉಳಿಯುತ್ತದೆ. ಆಮೇಲೆ ಕೈಲ್‌ಪೊಳ್ದ್, ದಸರಾ, ತುಲಾ ಸಂಕ್ರಮಣ, ಹುತ್ತರಿ. ಅದು ಮುಗಿಯುವಷ್ಟರಲ್ಲಿ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ಆಳು ಸಿಗುವುದಿಲ್ಲ, ಮನೆಯ ಹುಡುಗ ಹುಡುಗಿಯರೇ ಚೀಲ ಹೊರಬೇಕು. ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳಿಗಂತೂ ಭಾನುವಾರದ ಕೂಲಿಯೇ ಬಸ್ಸಿನ ಖರ್ಚು. ಇಂಥವರಿಗೆ ದಿನಕ್ಕೆ ಆರು ಗಂಟೆ ಓದುವ ಟೈಮ್‌ಟೇಬಲ್ ಕೊಡುವುದು ತಮಾಷೆ ಮಾಡಿದ ಹಾಗೆ. ಬಿಡಿಬಿಡಿಯಾಗಿ ಓದುವುದರ ನಿಜವಾದ ಲಾಭ ಇಂಥವರಿಗೇ ಜಾಸ್ತಿ. ದಿನಕ್ಕೆ ನಲವತ್ತು ನಿಮಿಷ, ನಿನ್ನೆಯ ಕೆಂಪು ಭಾಗ ಹತ್ತು ನಿಮಿಷ, ಇವತ್ತಿನ ಪಾಠ ಮೂವತ್ತು. ಕೊಯ್ಲಿನಲ್ಲಿ ಸೊಂಟ ಮುರಿದ ದಿನ ಆ ಹತ್ತು ನಿಮಿಷ ಮಾತ್ರ ಮಾಡಿ ಮಲಗಿ.

ಟೆಕ್ಸ್ಟ್ ಬುಕ್, ಕ್ಲಾಸ್ ನೋಟ್ಸ್, ಗೈಡ್, ಹಳೆಯ ಕ್ವೆಶ್ಚನ್ ಪೇಪರ್

ಇದರಲ್ಲಿ ಒಂದನ್ನೇ ಆರಿಸಿ ಅಂತ ಯಾರಾದರೂ ಕೇಳಿದರೆ ನಾನು ಹಳೆಯ ಕ್ವೆಶ್ಚನ್ ಪೇಪರ್ ಅನ್ನುತ್ತೇನೆ. ಮೊದಲು ಹೇಳಿದ್ದೇ ಕಾರಣ, ಅದರಲ್ಲಿ ಉತ್ತರ ಇರುವುದಿಲ್ಲ, ನೀವೇ ತರಬೇಕು. ಟೆಕ್ಸ್ಟ್ ಬುಕ್ ಅರ್ಥ ಮಾಡಿಕೊಳ್ಳುವುದಕ್ಕೆ. ಕ್ಲಾಸ್ ನೋಟ್ಸ್ ಲೆಕ್ಚರರ್ ಯಾವುದಕ್ಕೆ ತೂಕ ಕೊಡುತ್ತಾರೆ ಅಂತ ತಿಳಿಯುವುದಕ್ಕೆ, ಇಂಟರ್ನಲ್ಸ್ ಮಾರ್ಕು ಅವರ ಕೈಯಲ್ಲೇ ಇರುತ್ತದೆ, ಮರೆಯಬೇಡಿ. ಗೈಡು ಉತ್ತರ ಎಷ್ಟು ಉದ್ದ ಇರಬೇಕು, ಪಾಯಿಂಟ್ ಹೇಗೆ ಹಾಕಬೇಕು ಅಂತ ನೋಡುವುದಕ್ಕೆ ಸರಿ. ಗೈಡಿನ ಸಾಲುಗಳನ್ನೇ ಉರು ಹೊಡೆದರೆ ಪ್ರಶ್ನೆ ಸ್ವಲ್ಪ ತಿರುಚಿ ಕೇಳಿದ ದಿನ ಕೈ ಕಟ್ಟಿಹೋಗುತ್ತದೆ. ನನ್ನ ಬ್ಯಾಕ್‌ಲಾಗ್ ಆದದ್ದು ಹೀಗೇ. ಎಷ್ಟು ಮಾರಿದರೆ ನಷ್ಟ ಇಲ್ಲ ಅಂತ ಕೇಳುವ ಬದಲು ಎಷ್ಟು ಮಾರಿದರೆ ಇಷ್ಟು ಲಾಭ ಬರುತ್ತದೆ ಅಂತ ಕೇಳಿದ್ದರು, ನಾನು ಗೈಡಿನ ಉತ್ತರವನ್ನೇ ಇಳಿಸಿ ಬಂದೆ.

ಪೇಪರ್ ಹಿಡಿಯುವಾಗ ಒಂದು ಎಚ್ಚರಿಕೆ. ನಮ್ಮ ಕಡೆಯ ಕಾಲೇಜುಗಳು ಮೊದಲು ಮಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು, ಈಗ ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯ ಬಂದಿದೆ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ಸಿಲೆಬಸ್ ಬದಲಾಯಿತು, 2024ರಲ್ಲಿ ಸರಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಹಾಗಾಗಿ ಅಣ್ಣನೋ ಅಕ್ಕನೋ ಕೊಟ್ಟ ಕಟ್ಟನ್ನು ಕಣ್ಣುಮುಚ್ಚಿ ನಂಬಬೇಡಿ. ನಿಮ್ಮ ಸಿಲೆಬಸ್ ಪ್ರಿಂಟ್ ಪಕ್ಕದಲ್ಲಿಟ್ಟು, ಹಳೆಯ ಪ್ರಶ್ನೆಗಳಲ್ಲಿ ಈಗಲೂ ಇರುವ ಟಾಪಿಕ್‌ಗೆ ಮಾತ್ರ ಟಿಕ್ ಹಾಕಿ. ಯಾವ ಯೂನಿಟ್‌ನಿಂದ ಎಷ್ಟು ಪ್ರಶ್ನೆ ಬಂದಿದೆ ಅಂತ ಗೀಟು ಹಾಕಿ ಎಣಿಸಿದರೆ ಒಂದು ಅಂದಾಜು ಸಿಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ "ಇಂಪಾರ್ಟೆಂಟ್ ಕ್ವೆಶ್ಚನ್ಸ್" ಹಾಳೆಯೂ ಯಾರೋ ಹೀಗೇ ಎಣಿಸಿ ಮಾಡಿದ್ದು, ಅದಕ್ಕೆ ದುಡ್ಡು ಕೊಡುವ ಬದಲು ನೀವೇ ಎಣಿಸಿ.

ಲೆಕ್ಕದ ವಿಷಯ: ಸಾಲಾಗಿಯೋ, ಕಲಸಿಯೋ

ಅಕೌಂಟ್ಸ್, ಸ್ಟ್ಯಾಟಿಸ್ಟಿಕ್ಸ್, ಗಣಿತ, ಫಿಸಿಕ್ಸ್ ಪ್ರಾಬ್ಲಂ ಇರುವವರು ಮಾತ್ರ ಇದನ್ನು ಓದಿದರೆ ಸಾಕು.

ಒಂದೇ ಥರದ ಹತ್ತು ಲೆಕ್ಕವನ್ನು ಸಾಲಾಗಿ ಮಾಡಿದರೆ ಮೂರನೆಯದಕ್ಕೇ ಕೈ ತಾನಾಗಿ ಓಡುತ್ತದೆ. ಯಾವ ಸೂತ್ರ ಅಂತ ಯೋಚನೆ ಮಾಡುವುದೇ ಬೇಡ, ಚಾಪ್ಟರಿನ ಹೆಸರೇ ಹೇಳುತ್ತಿರುತ್ತದೆ. ಪರೀಕ್ಷೆಯ ಪೇಪರಿನಲ್ಲಿ ಚಾಪ್ಟರಿನ ಹೆಸರು ಇರುವುದಿಲ್ಲ. ರೋರರ್ ಮತ್ತು ಟೇಲರ್ ಎಂಬವರು 2007ರಲ್ಲಿ ನಾಲ್ಕು ಥರದ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ ಕೊಟ್ಟು ನೋಡಿದರು. ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ 89% ಸರಿ ಮಾಡಿದರು, ಕಲಸಿ ಮಾಡಿದವರು 60% ಅಷ್ಟೆ. ಒಂದು ವಾರ ಬಿಟ್ಟು ಪರೀಕ್ಷೆ ಇಟ್ಟಾಗ ಸಾಲಾಗಿ ಮಾಡಿದವರು 20%ಕ್ಕೆ ಇಳಿದರು, ಕಲಸಿ ಮಾಡಿದವರು 63%ರಲ್ಲೇ ನಿಂತರು.

ಹಾಗಾಗಿ ಹೊಸ ಚಾಪ್ಟರ್ ಕಲಿಯುವ ದಿನ ನಾಲ್ಕೈದು ಲೆಕ್ಕ ಸಾಲಾಗಿ ಮಾಡಿ, ಕೈ ಕೂರಬೇಕಲ್ಲ. ಮಾರನೇ ದಿನದಿಂದ ಹಳೆಯ ಚಾಪ್ಟರುಗಳ ಜೊತೆ ಕಲಸಿ. ನಾನು ತಂಗಿಗೆ ಮಾಡಿಸುವುದು ಸುಲಭದ ದಾರಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಖಾಲಿ ಬಿಸ್ಕೆಟ್ ಡಬ್ಬದಲ್ಲಿ ಹಾಕಿ, ಕಣ್ಣುಮುಚ್ಚಿ ಎತ್ತುವುದು. ಅದೇ ಕಾಫಿ ಪುಡಿ ಲೆಕ್ಕದಲ್ಲಿ 30,000 ಲಾಭ ಬರಬೇಕಾದರೆ ಎಷ್ಟು ಪ್ಯಾಕೆಟ್ ಅಂತ ಒಂದು ಚೀಟಿ. ಮೊದಲ ಸಲ ನಾನೂರು ಅಂತಲೇ ಬರೆದಳು, ಎರಡನೇ ಸಲ ಸ್ಥಿರ ವೆಚ್ಚಕ್ಕೆ ಲಾಭ ಕೂಡಿಸಿ 90,000 ಮಾಡಿ, 150ರಿಂದ ಭಾಗಿಸಿ ಆರುನೂರು ತಂದಳು. ನಾನು ಪರೀಕ್ಷೆಯಲ್ಲಿ ಬಿಟ್ಟು ಬಂದ ಲೆಕ್ಕ ಅದೇ ಜಾತಿಯದು, ಅವಳಿಗೆ ಇನ್ನೂ ಹೇಳಿಲ್ಲ.

ಒಬ್ಬರೇ ಓದುವುದು, ಗುಂಪಿನಲ್ಲಿ ಓದುವುದು

ಗುಂಪು ಅಂದರೆ ನಾಲ್ಕು ಜನ ಒಟ್ಟಿಗೆ ಕೂತು ಅವರವರ ಪುಸ್ತಕ ನೋಡುವುದಾದರೆ ಅದಕ್ಕಿಂತ ಮನೆಯಲ್ಲಿರುವುದು ವಾಸಿ. ಗುಂಪು ಕೆಲಸಕ್ಕೆ ಬರುವುದು ಒಬ್ಬರು ಪುಸ್ತಕ ಮುಚ್ಚಿ ಇನ್ನೊಬ್ಬರಿಗೆ ಹೇಳಿಕೊಡುವಾಗ. ಇಬ್ಬರೋ ಮೂವರೋ ಸಾಕು, ಐದಾದರೆ ಹಾಕಿ ಟೂರ್ನಮೆಂಟಿನ ಮಾತು ಶುರುವಾಗುತ್ತದೆ.

ಇಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ, ಯಾರೂ ಅದನ್ನು ಅನುಕೂಲ ಅಂತ ಎಣಿಸುವುದಿಲ್ಲ. ಪಾಠ ಇಂಗ್ಲಿಷಿನಲ್ಲಿ, ಮನೆಯ ಮಾತು ಕೊಡವ ತಕ್ಕೋ, ಅರೆಭಾಷೆಯೋ, ಮಲಯಾಳವೋ, ತುಳುವೋ, ಸಂತೆಯಲ್ಲಿ ಕನ್ನಡ. ಇಂಗ್ಲಿಷಿನ ಸಾಲನ್ನು ಹಾಗೇ ಒಪ್ಪಿಸುವವರಿಗೆ ಅದು ಅರ್ಥವಾಗಿದೆಯೋ ಇಲ್ಲವೋ ಅಂತ ಅವರಿಗೇ ಗೊತ್ತಿರುವುದಿಲ್ಲ. ಅದನ್ನೇ ಮನೆ ಮಾತಿನಲ್ಲಿ ಅಜ್ಜಿಗೆ ಹೇಳಿ ನೋಡಿ. ಡಿಪ್ರಿಸಿಯೇಷನ್ ಅಂದರೆ ಏನು ಅಂತ ಜೀಪು ತೋರಿಸಿ ಅರೆಭಾಷೆಯಲ್ಲಿ ಹೇಳುವುದಕ್ಕೆ ಬಂದರೆ ನಿಮಗೆ ಗೊತ್ತು ಅಂತ ಅರ್ಥ. ಆಮೇಲೆ ಇಂಗ್ಲಿಷಿನಲ್ಲಿ ಒಂದು ಸಲ ಬರೆಯಲೇಬೇಕು, ಪೇಪರ್ ಇರುವುದು ಅದರಲ್ಲಿ. ಅರ್ಥಕ್ಕೆ ಮನೆ ಮಾತು, ಅಭ್ಯಾಸಕ್ಕೆ ಪರೀಕ್ಷೆಯ ಮಾತು, ಎರಡೂ ಬೇಕು.

ಎಲ್ಲಿ, ಯಾವಾಗ

ಮನೆ, ಹಾಸ್ಟೆಲ್, ಲೈಬ್ರರಿ, ಬಸ್ಸು. ಹಾಸ್ಟೆಲಿನವರಿಗೆ ಸಮಯ ಇದೆ, ಸದ್ದು ಜಾಸ್ತಿ. ಮನೆಯವರಿಗೆ ಸದ್ದು ಕಡಿಮೆ, ಕೆಲಸ ಜಾಸ್ತಿ. ಮಡಿಕೇರಿಯಲ್ಲಿ ಇರುವವರಿಗೆ ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ. ಹಳ್ಳಿಯವರು ಗ್ರಾಮ ಪಂಚಾಯಿತಿ ಲೈಬ್ರರಿಯನ್ನು ಮರೆತುಬಿಟ್ಟಿರುತ್ತಾರೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು, ಟೇಬಲ್ ಕುರ್ಚಿ ಸಿಕ್ಕಿದರೆ ನಿಮಗೆ ಅಷ್ಟೇ ತಾನೇ ಬೇಕಾದ್ದು, ಒಂದು ಸಲ ಹೋಗಿ ಬಾಗಿಲು ತೆರೆಯುವ ಹೊತ್ತು ಕೇಳಿಕೊಂಡು ಬನ್ನಿ.

ಬಸ್ಸಿನ ವಿಷಯ ಬೇರೆ. ದಿನಾ ಹೋಗಿ ಬರುವುದಕ್ಕೆ ಎರಡು ಗಂಟೆ ಕಳೆಯುವವರು ಇಲ್ಲಿ ಎಷ್ಟೋ ಜನ. ನಮ್ಮ ತಿರುವುಗಳಲ್ಲಿ ಪುಸ್ತಕ ತೆರೆದರೆ ಮೂರನೇ ತಿರುವಿಗೆ ಹೊಟ್ಟೆ ತೊಳಸುತ್ತದೆ. ತೆರೆಯಬೇಡಿ. ಕಿಟಕಿಗೆ ತಲೆ ಒರಗಿಸಿ, ನಿನ್ನೆ ಬರೆದ ಹಾಳೆಯನ್ನು ಕಣ್ಣುಮುಚ್ಚಿ ಮನಸ್ಸಿನಲ್ಲೇ ಮತ್ತೆ ಬರೆಯಿರಿ. ಎಲ್ಲಿ ಸಿಕ್ಕಿಕೊಂಡಿತು ಅನ್ನುವುದನ್ನು ಮಾತ್ರ ಇಳಿದ ಮೇಲೆ ನೋಡಿ. ಓದುವುದಕ್ಕೆ ಆಗದ ಜಾಗದಲ್ಲೂ ನೆನಪು ಮಾಡಿಕೊಳ್ಳುವುದಕ್ಕೆ ಆಗುತ್ತದೆ, ಹಾಗೆ ನೋಡಿದರೆ ಬಸ್ಸು ಮನೆಗಿಂತ ಒಳ್ಳೆಯದು, ನೋಟ್ಸ್ ಇಣುಕುವ ಆಸೆಯೇ ಹುಟ್ಟುವುದಿಲ್ಲ.

ಬೆಳಗಿನ ಜಾವವೋ, ರಾತ್ರಿಯೋ ಅನ್ನುವ ಜಗಳ ಪ್ರತಿ ಮನೆಯಲ್ಲೂ ಇದೆ. ಬ್ರಾಹ್ಮೀ ಮುಹೂರ್ತ ಅನ್ನುವ ಅಜ್ಜನಿಗೂ ಹನ್ನೊಂದರ ಮೇಲೆಯೇ ಓದು ಹತ್ತುವ ಮೊಮ್ಮಗನಿಗೂ ತೀರ್ಮಾನ ಹೇಳುವುದಕ್ಕೆ ನಾನು ಹೋಗುವುದಿಲ್ಲ. ನಿಮಗೆ ಯಾವಾಗ ಎಚ್ಚರ ಚೆನ್ನಾಗಿರುತ್ತದೋ ಆಗ ಓದಿ. ನಿದ್ದೆ ಮಾತ್ರ ಕಳೆಯಬೇಡಿ, ಓದಿದ್ದು ನೆನಪಿನಲ್ಲಿ ಕೂರುವ ಕೆಲಸ ಬಹಳಷ್ಟು ನಿದ್ದೆಯಲ್ಲಿ ನಡೆಯುತ್ತದೆ. ಕಾಫಿ ನಾಡಿನವರಿಗೆ ಕಾಫಿ ಕುಡಿಯಬೇಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಒಂದು ಲೆಕ್ಕ ಹೇಳುತ್ತೇನೆ ಅಷ್ಟೆ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯುವುದಕ್ಕೆ ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದರೆ ಬೆಳಗಿನ ಜಾವ ಮೂರು ಗಂಟೆಗೂ ಅರ್ಧ ಒಳಗೇ ಇರುತ್ತದೆ. ಅದರಲ್ಲೂ ನಮ್ಮ ಮನೆಗಳಲ್ಲಿ ಕುದಿಯುವುದು ಹೆಚ್ಚಾಗಿ ರೋಬಸ್ಟಾ, ಅದರಲ್ಲಿ ಅರೇಬಿಕಾಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು ಕೆಫೀನ್. ಸಂಜೆ ಐದರ ಬೆಲ್ಲದ ಕಾಫಿಗೆ ನಿಲ್ಲಿಸಿದರೆ ಒಳ್ಳೆಯದು.

ಮೊಬೈಲ್

ಯೂಟ್ಯೂಬ್ ಪಾಠ ಕ್ಲಾಸಿನಲ್ಲಿ ಅರ್ಥವಾಗದ್ದಕ್ಕೆ ಔಷಧಿ. ಒಂದು ವೀಡಿಯೊ ನೋಡಿ, ನಿಲ್ಲಿಸಿ, ಹಾಳೆಯಲ್ಲಿ ಬರೆಯಿರಿ. ಮೂರು ವೀಡಿಯೊ ಸತತ ನೋಡಿದರೆ ಅದು ಸೀರಿಯಲ್ ನೋಡಿದ ಹಾಗೆ. ಸಿಗ್ನಲ್ ಸಿಗುವ ಜಾಗಕ್ಕೆ ಹೋದಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಮಳೆಗಾಲದಲ್ಲಿ ಟವರ್ ಯಾವಾಗ ಮಲಗುತ್ತದೆ ಅಂತ ಹೇಳುವುದಕ್ಕೆ ಆಗುವುದಿಲ್ಲ.

ಚಾಟ್‌ಜಿಪಿಟಿ ಥರದ್ದನ್ನು ಉತ್ತರ ಬರೆಸುವುದಕ್ಕೆ ಇಟ್ಟುಕೊಂಡರೆ ಗೈಡಿನ ಕಥೆಯೇ ಮತ್ತೆ. ಈ ಚಾಪ್ಟರ್ ಮೇಲೆ ಹತ್ತು ಪ್ರಶ್ನೆ ಕೇಳು ಅಂತ ಹೇಳಿದರೆ ಕೇಳುತ್ತದೆ, ಅದಕ್ಕೆ ಬಳಸಿ, ಉತ್ತರವನ್ನು ಟೆಕ್ಸ್ಟ್ ಬುಕ್ ಜೊತೆ ತಾಳೆ ನೋಡಿ, ಅದು ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ.

ಚಿಕ್ಕ ಚಿಕ್ಕ ವಿಷಯ ಜಾಸ್ತಿ ಇರುವವರಿಗೆ, ನರ್ಸಿಂಗ್, ಸಸ್ಯಶಾಸ್ತ್ರ, ಕಾನೂನು ಓದುವವರಿಗೆ, ಕಾರ್ಡ್ ಒಳ್ಳೆಯದು. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಆಂಕಿ ಅನ್ನುವ ಆ್ಯಪ್ ಯಾವ ಕಾರ್ಡನ್ನು ಯಾವ ದಿನ ತೋರಿಸಬೇಕು ಅಂತ ತಾನೇ ಲೆಕ್ಕ ಹಾಕುತ್ತದೆ. ಮೊಬೈಲ್ ಕೈಗೆ ಬಂದರೆ ರೀಲ್ಸಿಗೆ ಜಾರುವವರು ರಟ್ಟಿನ ಚೂರಿನಲ್ಲೇ ಮಾಡಿ. ಸೆಬಾಸ್ಟಿಯನ್ ಲೈಟ್ನರ್ ಎಂಬವರು 1970ರ ದಶಕದಲ್ಲಿ ಹೇಳಿಕೊಟ್ಟ ಡಬ್ಬದ ಉಪಾಯ ಇದೆ, ಆ್ಯಪಿನ ಒಳಗಿನ ಯೋಚನೆಯೂ ಹೆಚ್ಚುಕಡಿಮೆ ಅದೇ. ಮೂರು ಡಬ್ಬ ಇಡಿ, ಮೊದಲನೆಯದನ್ನು ದಿನಾ ನೋಡಿ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಸರಿ ಹೇಳಿದ ಕಾರ್ಡ್ ಮುಂದಿನ ಡಬ್ಬಕ್ಕೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ.

ಈಗ ನಿಮಗೆ ಎಷ್ಟು ದಿನ ಉಳಿದಿದೆ?

ಎರಡು ತಿಂಗಳಿದ್ದರೆ ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಆರಾಮವಾಗಿ ಮಾಡಬಹುದು, ಆದರೆ ಎರಡು ತಿಂಗಳಿರುವಾಗ ಇಂಥದ್ದನ್ನು ಓದುವವರು ಕಡಿಮೆ, ನನಗೆ ಗೊತ್ತು. ಇಪ್ಪತ್ತು ದಿನ ಇದ್ದರೆ ಮೊದಲ ಎರಡು ದಿನ ಸಿಲೆಬಸ್ ಮತ್ತು ಹಳೆಯ ಪೇಪರ್ ತಾಳೆ ಹಾಕುವುದಕ್ಕೆ ಕೊಡಿ. ಆಮೇಲೆ ದಿನಕ್ಕೆ ಎರಡು ವಿಷಯ, ಒಂದು ಲೆಕ್ಕದ್ದು, ಒಂದು ಬರೆಯುವ ಥರದ್ದು. ಕೊನೆಯ ನಾಲ್ಕು ದಿನ ಗಡಿಯಾರ ಇಟ್ಟುಕೊಂಡು ಪೂರ್ತಿ ಪೇಪರ್ ಬರೆಯಿರಿ, ವಿಷಯಕ್ಕೆ ಒಂದಾದರೂ. ಬರೆಯುವ ಅಭ್ಯಾಸ ತಪ್ಪಿ ಪೇಪರ್ ಪೂರ್ತಿ ಮುಗಿಸುವುದಕ್ಕೆ ಆಗದವರನ್ನು ಬಹಳ ನೋಡಿದ್ದೇನೆ.

ಮೂರೇ ದಿನ ಇದ್ದರೆ ಎಲ್ಲ ಯೂನಿಟ್ ಮುಗಿಸುವ ಆಸೆ ಬಿಡಿ. ನಿಮ್ಮ ಗೀಟಿನ ಲೆಕ್ಕದಲ್ಲಿ ಜಾಸ್ತಿ ಬಂದ ಯೂನಿಟ್‌ಗಳನ್ನು ಹಿಡಿದು, ಅದರಲ್ಲೂ ಪ್ರಶ್ನೆಯಿಂದ ಶುರುಮಾಡಿ. ಮೊದಲು ಉತ್ತರ ಬರೆಯುವುದಕ್ಕೆ ನೋಡಿ, ಬಾರದಿದ್ದರೆ ಪುಸ್ತಕಕ್ಕೆ ಹೋಗಿ, ಮುಚ್ಚಿ, ಮತ್ತೆ ಬರೆಯಿರಿ. ಪಾಠ ಮೊದಲಿಂದ ಓದಿಕೊಂಡು ಬರುವುದಕ್ಕೆ ಈಗ ಸಮಯ ಇಲ್ಲ.

ಒಂದೇ ರಾತ್ರಿ ಇದ್ದರೆ, ಹೌದು, ಈಗ ಹಳದಿ ಗೆರೆಗಳನ್ನು ಓದಬಹುದು. ಅದಕ್ಕಾದರೂ ಅವು ಉಪಯೋಗಕ್ಕೆ ಬರಲಿ. ಹನ್ನೊಂದಕ್ಕೆ ಮಲಗಿ, ಬೆಳಿಗ್ಗೆ ಬೇಗ ಎದ್ದು ಕೆಂಪು ಹಾಳೆಗಳನ್ನು ಒಂದು ಸುತ್ತು ನೋಡಿ. ತಿಂಡಿಗೆ ಎರಡು ಕಡಂಬುಟ್ಟು ಸಾಕು, ಹಬ್ಬದ ಹಾಗೆ ತಿಂದರೆ ಪರೀಕ್ಷೆಯ ಹಾಲ್‌ನಲ್ಲಿ ಕಣ್ಣು ಎಳೆಯುತ್ತದೆ. ಹಾಲ್ ಟಿಕೆಟ್, ಐಡಿ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಟ್ಟಿ. ಮಾಮೂಲಿ ಬಸ್ಸು ಬೇಡ, ಅದಕ್ಕಿಂತ ಮೊದಲಿನದ್ದಕ್ಕೆ ಹೋಗಿ. ದಾರಿಯಲ್ಲಿ ಮರ ಬಿದ್ದಿರುತ್ತದೆ, ಇಲ್ಲವೇ ಸಿದ್ದಾಪುರದ ಕಡೆಯವರಾದರೆ ಆನೆ ದಾಟುವ ತನಕ ಡ್ರೈವರ್ ಬಸ್ಸು ನಿಲ್ಲಿಸಿಕೊಂಡು ಕೂತಿರುತ್ತಾನೆ.